ಕೇಶವಾನಂದ ಭಾರತಿ ತೀರ್ಪಿನಲ್ಲಿ ಬರುವ ಈ ಪ್ರೊ. ಕಾನ್ರಾಡ್ ಯಾರು?

ಧಾರವಾಡದ ಲಾ ವಿದ್ಯಾರ್ಥಿನಿ:
ನಮಸ್ಕಾರ. ಸೆಮಿನಾರಿಗೆ ಬೇಸಿಕ್ ಸ್ಟ್ರಕ್ಚರ್ ತತ್ವ (ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ತಿದ್ದುಪಡಿಯಿಂದಲೂ ಕೆಡಿಸುವಂತಿಲ್ಲ ಎಂಬುದು) ತೆಗೆದುಕೊಂಡಿದ್ದೇನೆ. ಆ ತತ್ವ ಬಂದ ಸುಪ್ರೀಂ ಕೋರ್ಟಿನ ಕೇಶವಾನಂದ ಭಾರತಿ ಕೇಸಿನಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು ಡೀಟ್ರಿಶ್ ಕಾನ್ರಾಡ್ ಎಂಬ ಪ್ರೊಫೆಸರ್ ಹೆಸರು ಹೇಳುತ್ತಾರೆ. ನನ್ನ ಹತ್ತಿರ ಇರುವ ಗೈಡಿನಲ್ಲಿ ಅವರ ಬಗ್ಗೆ ಒಂದು ಸಾಲೂ ಇಲ್ಲ. ಯಾರಿಗಾದರೂ ಗೊತ್ತಾ?

ನಿವೃತ್ತ ಲಾ ಮೇಷ್ಟ್ರು, ಮಂಗಳೂರು:
ಒಳ್ಳೆ ಪ್ರಶ್ನೆ ಕೇಳಿದ್ದೀಯಮ್ಮ. ಗೈಡ್ ಬರೆಯುವವರಿಗೆ ಜರ್ಮನ್ ಹೆಸರು ಕಂಡರೆ ಆಗುವುದಿಲ್ಲ.

ಕಾನ್ರಾಡ್ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಸಂಸ್ಥೆಯಲ್ಲಿ ಕಾನೂನು ವಿಭಾಗದ ಮುಖ್ಯಸ್ಥರಾಗಿದ್ದವರು. 1965ರ ಫೆಬ್ರವರಿಯಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಬಂದು ಒಂದು ಉಪನ್ಯಾಸ ಕೊಟ್ಟರು. ಆಗ ಮೂರನೇ ಎರಡು ಬಹುಮತ ಇದ್ದರೆ 368ನೇ ವಿಧಿಯಡಿ ಸಂಸತ್ತು ಸಂವಿಧಾನದಲ್ಲಿ ಏನು ಬೇಕಾದರೂ ತಿದ್ದಬಹುದು ಎಂಬ ನಂಬಿಕೆಯೇ ಜಾಸ್ತಿ. ಅವರು ಸಭೆಯ ಮುಂದೆ ಸಾಲಾಗಿ ಪ್ರಶ್ನೆ ಇಟ್ಟರು. ಒಂದನೇ ವಿಧಿ ತಿದ್ದಿ ದೇಶವನ್ನು ತಮಿಳುನಾಡು, ಹಿಂದೂಸ್ಥಾನ ಎಂದು ಎರಡು ಮಾಡಬಹುದೇ? ಜೀವದ ಹಕ್ಕು ಕೊಡುವ 21ನೇ ವಿಧಿಯನ್ನೇ ಕಿತ್ತುಹಾಕಬಹುದೇ? ಬಹುಮತ ಕರಗುತ್ತಿರುವ ಪಕ್ಷ, ಪ್ರಧಾನಿ ಸಲಹೆ ಕೇಳಿ ರಾಷ್ಟ್ರಪತಿಯೇ ಸಂವಿಧಾನ ತಿದ್ದಲಿ ಎಂದು 368ನ್ನೇ ಬದಲಾಯಿಸಬಹುದೇ? ಮೊಘಲ್ ಬಾದಶಹನನ್ನು ವಾಪಸ್ ತಂದು ಕೂರಿಸಬಹುದೇ?

ನಗು ಬರುತ್ತೆ, ಅಲ್ವಾ? ಜರ್ಮನಿಯವರಿಗೆ ನಗು ಬರುವುದಿಲ್ಲ. 1933ರಲ್ಲಿ ಅವರ ಆಗಿನ ವೈಮಾರ್ ಸಂವಿಧಾನದ ಕಣ್ಣೆದುರೇ, ಮೂರನೇ ಎರಡು ಬಹುಮತದಿಂದಲೇ, ಕಾನೂನು ಮಾಡುವ ಅಧಿಕಾರವನ್ನು ಹಿಟ್ಲರ್ ಸರ್ಕಾರಕ್ಕೆ ಒಪ್ಪಿಸಿದ್ದರು. ಆ ಪೆಟ್ಟು ತಿಂದ ಮೇಲೆ 1949ರ ಸಂವಿಧಾನದಲ್ಲಿ 79(3)ನೇ ವಿಧಿ ಇಟ್ಟುಕೊಂಡರು. ಕೆಲವು ತತ್ವಗಳನ್ನು ಯಾವ ಬಹುಮತವೂ ಮುಟ್ಟುವಂತಿಲ್ಲ. ನಮ್ಮಲ್ಲಿ ಅಂಥ ವಿಧಿ ಬರೆದಿಲ್ಲ. ಬರೆಯದಿದ್ದರೂ ಮಿತಿ ಇದೆ ಎಂಬುದೇ ಕಾನ್ರಾಡ್ ವಾದ.

ಈ ಉಪನ್ಯಾಸ ವಕೀಲ ಎಂ.ಕೆ. ನಂಬಿಯಾರ್ ಅವರ ಕೈಗೆ ಸಿಕ್ಕಿತು. (ನಮ್ಮ ಮಂಗಳೂರಿನಲ್ಲಿ ವಕೀಲಿ ಮಾಡಿದವರು. ಇದನ್ನು ಹೇಳದೆ ಇರಲಾರೆ.) ಮೂಲಭೂತ ಹಕ್ಕುಗಳನ್ನು ಸಂಸತ್ತು ತಿದ್ದಬಹುದೇ ಎಂಬ ಗೋಲಕನಾಥ್ ಕೇಸಿನಲ್ಲಿ ಅದನ್ನೇ ವಾದಿಸಿದರು. 1967ರ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಸುಬ್ಬರಾವ್ ಆ ವಾದದಲ್ಲಿ ತೂಕ ಇದೆ ಎಂದರು, ಆದರೆ ತೀರ್ಮಾನಿಸದೆ ಬಿಟ್ಟರು. 1973ರ ಏಪ್ರಿಲ್ 24ರಂದು ಕೇಶವಾನಂದ ಕೇಸಿನ 13 ಜಡ್ಜುಗಳಲ್ಲಿ 7 ಜನ ಅದರ ಕಡೆ ವಾಲಿದರು. ನಮ್ಮ ಕೆ.ಎಸ್. ಹೆಗ್ಡೆಯವರೂ ಆ 7ರಲ್ಲಿ ಒಬ್ಬರು.

ಹೈಕೋರ್ಟ್ ವಕೀಲ, ಬೆಂಗಳೂರು:
ಸರ್, ಎಲ್ಲಾ ಹೆಸರು ಕಾನ್ರಾಡ್‌ಗೇ ಕೊಟ್ಟುಬಿಡಬೇಡಿ. ಸಂವಿಧಾನ ತಿದ್ದುಪಡಿಯನ್ನೇ ಪ್ರಶ್ನಿಸಿದ ಸಜ್ಜನ್ ಸಿಂಗ್ ಕೇಸು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು 1964ರ ಅಕ್ಟೋಬರ್‌ನಲ್ಲಿ, ಬನಾರಸ್ ಉಪನ್ಯಾಸಕ್ಕಿಂತ ಮೊದಲು. ಸಂವಿಧಾನದ ಮೂಲ ಲಕ್ಷಣವನ್ನೇ ಬದಲಾಯಿಸಿದರೆ ಅದು ತಿದ್ದುಪಡಿಯೋ, ಹೊಸದಾಗಿ ಬರೆದಂತೆಯೋ ಎಂದು ನ್ಯಾ. ಮುಧೋಳ್ಕರ್ ಅಲ್ಲೇ ಕೇಳಿದ್ದರು. ಅವರಿಗೆ ದಾರಿ ತೋರಿಸಿದ್ದು ಪಾಕಿಸ್ತಾನದ ಮುಖ್ಯ ನ್ಯಾಯಮೂರ್ತಿ ಕಾರ್ನೀಲಿಯಸ್ ಅವರ 1963ರ ತೀರ್ಪು.

ಕಾಸರಗೋಡಿನವನು:
ಎಡನೀರು ಮಠ ನಮಗೆ ಹತ್ತಿರ. ಅಲ್ಲಿನ ಸ್ವಾಮೀಜಿ ಕೇಶವಾನಂದ ಭಾರತಿ ಕೋರ್ಟಿಗೆ ಹೋದದ್ದು ಕೇರಳದ ಭೂಸುಧಾರಣೆ ಕಾನೂನಿನಿಂದ ಮಠದ ಜಮೀನು ಹೋಗುತ್ತದೆ ಎಂದು. ಕೇಸಿಗೆ ಹೆಸರು ಬಂತು, ಜಮೀನು ಬರಲಿಲ್ಲ. ಅವರಿಗೆ ಯಕ್ಷಗಾನ, ಸಂಗೀತ ಅಂದರೆ ಜೀವ. 2020ರಲ್ಲಿ ತೀರಿಕೊಂಡರು.

ನಿವೃತ್ತ ಲಾ ಮೇಷ್ಟ್ರು, ಮಂಗಳೂರು:
ವಕೀಲರೇ, ಮುಧೋಳ್ಕರ್ ವಿಷಯ ಒಪ್ಪಿದೆ. ಆದರೆ ಅವರು ಅನುಮಾನ ಎತ್ತಿ ಅಲ್ಲಿಗೇ ಬಿಟ್ಟರು. ಕಾರಣ ಕಟ್ಟಿಕೊಟ್ಟವರು ಕಾನ್ರಾಡ್. ಸಂವಿಧಾನದಿಂದ ಹುಟ್ಟಿದ ಅಧಿಕಾರ ತನ್ನನ್ನು ಹೊತ್ತ ಕಂಬಗಳನ್ನೇ ಕೀಳಲಾರದು, ಖನ್ನಾ ಎತ್ತಿಕೊಂಡದ್ದು ಈ ಮಾತನ್ನೇ.

ಮಗಳೇ, ಮುಂದಿನದನ್ನೂ ಸೇರಿಸು. 1976ರಲ್ಲಿ 42ನೇ ತಿದ್ದುಪಡಿ ಬಂತು. ತಿದ್ದುಪಡಿ ಅಧಿಕಾರಕ್ಕೆ ಮಿತಿಯೇ ಇಲ್ಲ ಎಂದು 368ರಲ್ಲೇ ಬರೆದರು. ಬನಾರಸ್ಸಿನ ಪ್ರಶ್ನೆಯ ನೆಂಟನೇ ಬಂದ ಹಾಗಾಯಿತು. 1980ರಲ್ಲಿ ಅದನ್ನು ಕೆಡವಿದ್ದು ನಿಮ್ಮ ಬೆಂಗಳೂರಿನ ಮಿನರ್ವಾ ಮಿಲ್ಸ್ ಕೇಸು.

21ನೇ ವಿಧಿಯ ಪ್ರಶ್ನೆಯೂ ಬೇರೆ ವೇಷದಲ್ಲಿ ಬಂತು. ಪೊಲೀಸ್ ಅಧಿಕಾರಿ ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದರೆ ಪರಿಹಾರ ಇದೆಯೇ ಎಂದು ತುರ್ತುಪರಿಸ್ಥಿತಿಯ ಜಬಲ್ಪುರ್ ಕೇಸಿನಲ್ಲಿ (ಬಂಧನದಲ್ಲಿಟ್ಟವರು ಕೋರ್ಟಿಗೆ ಹೋಗಬಹುದೇ ಎಂಬ ಕೇಸು) ಕೇಳಿದವರು ಇದೇ ಖನ್ನಾ. ತುರ್ತುಪರಿಸ್ಥಿತಿ ಇರುವ ತನಕ ಇಲ್ಲ ಎಂದರು ಅಟಾರ್ನಿ ಜನರಲ್. ಐವರಲ್ಲಿ ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. ಅದನ್ನೂ ಪೂರ್ತಿ ಓದು, ಗೈಡಿನ ಸಾರಾಂಶ ಬೇಡ.