ಹಾಳೂರು ದಿಬ್ಬದಲ್ಲಿ ಬೆಳ್ಳಿ ನಾಣ್ಯ ಸಿಕ್ಕಿದೆ, ರೋಮನ್ನಾ?

ಪ್ರಶ್ನೆ: ನಮಸ್ಕಾರ ಸರ್, ನಮ್ದು ಚಿತ್ರದುರ್ಗದ ಕಡೆ ಹಳ್ಳಿ. ಕಾಲೇಜಿಂದ ಸರ್ವೆಗೆ ಬಂದಿದ್ದ ಹುಡುಗರು ಹೊಲದ ಪಕ್ಕದ ಹಾಳೂರು ದಿಬ್ಬದಲ್ಲಿ ಮಡಕೆ ಚೂರು ಆರಿಸ್ತಿದ್ರು, ಅಲ್ಲೇ ನಂಗೊಂದು ಬೆಳ್ಳಿ ನಾಣ್ಯ ಸಿಕ್ತು, ಒಂದ್ರೂಪಾಯಿಗಿಂತ ಚಿಕ್ಕದು, ಒಂದ್ ಕಡೆ ಗಂಡಸಿನ ತಲೆ, ಇನ್ನೊಂದ್ ಕಡೆ ಕುರ್ಚಿ ಮೇಲೆ ಕೂತ ಹೆಂಗಸು. ಅಜ್ಜಿ ಲಕ್ಷ್ಮಿ ಅಂತಾರೆ, ಹುಡುಗರು ರೋಮನ್ ಅಂತಾರೆ. ಹುಣಸೆಹಣ್ಣಲ್ಲಿ ತಿಕ್ಕಿದ್ರೆ ಅಕ್ಷರ ಕಾಣತ್ತಾ?

ಉತ್ತರ: ಹುಣಸೆಹಣ್ಣು ಸಾರಿಗೇ ಇರ್ಲಿ, ತಿಕ್ಕಬೇಡಿ! ಅಕ್ಷರ ಕಾಣೋದಿರ್ಲಿ, ಇರೋದೂ ಸವೆದು ಹೋಗತ್ತೆ. ನೀವು ಹೇಳೋದು ನೋಡಿದ್ರೆ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ದಿನಾರಿಯಸ್, ಅಂದ್ರೆ ರೋಮಿನ ಬೆಳ್ಳಿ ನಾಣ್ಯ ಇರಬಹುದು, ಅವನ ಆಳ್ವಿಕೆ ಕ್ರಿ.ಶ. 14ರಿಂದ 37. ನಮ್ಮ ದೇಶದಲ್ಲಿ ಜಾಸ್ತಿ ಸಿಗೋದು ಇದು, ಮತ್ತೆ ಅವನ ಹಿಂದಿನ ಚಕ್ರವರ್ತಿ ಅಗಸ್ಟಸ್‌ನದು, ಅದರಲ್ಲಿ ಗುರಾಣಿ ಹಿಡಿದ ಇಬ್ಬರು ಹುಡುಗರು ನಿಂತಿರ್ತಾರೆ. ನಿಮ್ಮ ಪಕ್ಕದ ಚಂದ್ರವಳ್ಳಿಯಲ್ಲೇ ಎರಡೂ ಸಿಕ್ಕಿವೆ, ಶಾತವಾಹನರ ಸೀಸದ ನಾಣ್ಯಗಳೂ ಅಲ್ಲೇ ಸಿಕ್ಕಿದ್ವು. ಬೆಂಗಳೂರಿನ ಯಶವಂತಪುರದಲ್ಲಂತೂ 1891ರಲ್ಲಿ ಒಂದೇ ಕಡೆ 163 ಬೆಳ್ಳಿ ನಾಣ್ಯ. ಆದ್ರೆ ಫೋಟೋ, ತೂಕ ನೋಡದೆ ಗ್ಯಾರಂಟಿ ಕೊಡಲ್ಲ, ನಕಲೂ ಬಹಳ ಇದಾವೆ. ಮೊದಲು ಡಿಸಿ ಆಫೀಸಿಗೆ ಬರೆದು ತಿಳಿಸಿ, ಹಳೇ ನಿಧಿ ಸಿಕ್ಕಿದ್ರೆ ತಿಳಿಸಬೇಕು ಅಂತ ಕಾನೂನೇ ಇದೆ.

ಪ್ರಶ್ನೆ: ಹಂಗಾದ್ರೆ ರೋಮನ್ನರು ನಮ್ಮೂರಿಗೆ ಬಂದಿದ್ರಾ ಸರ್?

ಉತ್ತರ: ಎಲ್ಲರೂ ಕೇಳೋದು ಇದನ್ನೇ 😄 ನಾಣ್ಯ ಬಂತು ಅಂದ್ರೆ ಮನುಷ್ಯ ಬಂದ ಅಂತಲ್ಲ, ಮೆಣಸು, ಬಟ್ಟೆ, ಹರಳಿಗೆ ಕೊಟ್ಟ ಬೆಳ್ಳಿ ಬಂದರಿಂದ ಕೈ ಬದಲಾಯಿಸ್ತಾ ಒಳನಾಡಿಗೆ ಬಂದಿರತ್ತೆ, ಅಚ್ಚು ಹಾಕಿ ಎಷ್ಟೋ ವರ್ಷ ಆದ್ಮೇಲೂ ಮಣ್ಣಿಗೆ ಬಿದ್ದಿರಬಹುದು. ಅದಕ್ಕೇ ನಂಗೆ ನಾಣ್ಯಕ್ಕಿಂತ ಚೂರಿನ ಮೇಲೆ ಪ್ರೀತಿ ಜಾಸ್ತಿ. ಕೆಂಗಂದು ಮೈ ಮೇಲೆ ಬಿಳಿ ಗೆರೆ ಇದ್ರೆ ಶಾತವಾಹನರ ಕಾಲದ ನಮ್ಮದೇ ಮಡಕೆ. ತಟ್ಟೆಯ ಒಳತಳದಲ್ಲಿ ಉಗುರಲ್ಲಿ ಚುಚ್ಚಿದಂಗೆ ಸಣ್ಣ ಸಣ್ಣ ಗುರುತು ಸುತ್ತಲೂ ಸಾಲಾಗಿದ್ರೆ ಅದು ರೂಲೆಟೆಡ್ ವೇರ್, ಮೊದ್ಲು ಅದನ್ನ ರೋಮಿಂದು ಅಂತಿದ್ರು, ಈಗ ಮಣ್ಣು ಪರೀಕ್ಷೆ ಆದ್ಮೇಲೆ ಭಾರತದ್ದೇ ಅಂತಾರೆ. ರೋಮಿನ ವೈನ್ ಜಾಡಿ ಆಂಫೊರಾ ಇದ್ರೆ ದಪ್ಪ ಹಿಡಿ ಸಿಗಬೇಕು, ಕೆಲವದರ ಮಣ್ಣಲ್ಲಿ ಕರೀ ಮರಳಿನ ಕಾಳು ಮಿಂಚತ್ತೆ, ಅದು ಇಟಲಿಯ ವೆಸೂವಿಯಸ್ ಜ್ವಾಲಾಮುಖಿ ಕಡೆಯ ಮಣ್ಣು. ಅಂಥದ್ದು ಇದ್ಯಾ ನೋಡಿ. ಯಾವ ಚೂರು ದಿಬ್ಬದ ಯಾವ ಕಡೆ ಸಿಕ್ತು ಅಂತ ಚೀಲದ ಮೇಲೆ ಬರೆದಿದಾರಲ್ಲ?

ಪ್ರಶ್ನೆ: ಇಲ್ಲ ಸರ್, ಎಲ್ಲಾ ಒಂದೇ ಗೊಬ್ಬರದ ಚೀಲಕ್ಕೆ ಹಾಕಿದಾರೆ, ನಿನ್ನೆ ಬೋರ್‌ವೆಲ್ ಹತ್ರ ತೊಳೆದೂ ಆಯ್ತು.

ಉತ್ತರ: ಅಯ್ಯೋ ದೇವ್ರೇ. ನಾಣ್ಯ ಎಲ್ಲಿತ್ತು ಅನ್ನೋದಾದ್ರೂ ನೆನಪಿದ್ರೆ ಅಲ್ಲೊಂದು ಗೂಟ ಹೊಡೆದಿಡಿ, ಫೋಟೋ ತೆಗೀರಿ, ಇವತ್ತೇ.