ಸಹಾಯ ಬೇಕು: ಮಂಜಿನಾಗ ಸೈಕಲ್ ಕಾಣೂಹಂಗ ಏನ್ ಮಾಡೂಣು?

ನಮಸ್ಕಾರ್ರೀ. ಧಾರವಾಡ ಟೋಲ್ ನಾಕಾದಿಂದ ಉಣಕಲ್ ತನಕ ಸೈಕಲ್ ಮ್ಯಾಲೆ ಕೆಲಸಕ್ಕ ಹೋಗ್ತೀನಿ. 6ಕ್ಕ ಶಿಫ್ಟ್. ಜನವರಿಯೊಳಗ ಸೂರ್ಯ ಹುಟ್ಟೂದ 7ರ ಸುಮಾರು, ಅಂದ್ರ ಹೋಗೂದೆಲ್ಲಾ ಕತ್ತಲ್ಯಾಗ. ನಡುವಿನ ಲೇನ್ ಬಿಆರ್‌ಟಿಎಸ್ (ತ್ವರಿತ ಬಸ್ ಸೇವೆ) ಬಸ್ಸಿಗಷ್ಟ. ಲಾರಿ, ಟಂಟಂ, ಬೈಕು ಎಲ್ಲಾ ನನ್ನ ಬಾಜೂಕ. ಸತ್ತೂರ ಕಡೆ ಮಂಜು ಬಿದ್ದ ದಿನ ಹಿಂದಿನವ್ರಿಗೆ ನಾ ಕಾಣ್ತೀನೋ ಇಲ್ಲೋ ಅಂತ ಜೀವ ಕೈಯಾಗ.

ಹಸಿರು-ಹಳದಿ ಫ್ಲೋರೊಸೆಂಟ್ ಜಾಕೀಟ್ ತೊಗೊಳ್ರಿ ಅಂತ ಎಲ್ಲಾರೂ ಹೇಳ್ತಾರ. ಆದ್ರ ಆ ಬಣ್ಣ ಹೊಳ್ಯೂದು ಹಗಲಬೆಳಕಿನ ನೇರಳಾತೀತ ಕಿರಣಕ್ಕ. ರಾತ್ರಿ ಹೆಡ್‌ಲೈಟಿಗೆ ಮಿಂಚೂದು ಅದರ ಮ್ಯಾಗಿನ ಬೆಳ್ಳಿ ಪಟ್ಟಿ ಅಷ್ಟ. ಹಂಗಾಗಿ ಪಟ್ಟಿಯನ್ನ ಕಣಕಾಲಿಗೆ ಕಟ್ಟಿನಿ. ಪೆಡಲ್ ಜೋಡಿ ಮ್ಯಾಲೆ-ಕೆಳಗ ಆಡೂದಕ್ಕ ಇದು ಸೈಕಲ್ ಅಂತ ಲಗೂನ ತಿಳೀತೈತಿ.

ಹಿಂದಿನ ಕೆಂಪು ಲೈಟಿನದ್ದ ತಲಿಬ್ಯಾನಿ. ಮಿಣುಕಿಸಿದ್ರ ಲಕ್ಷ್ಯ ಸೆಳೀತೈತಿ, ಖರೆ ಎಷ್ಟು ದೂರ ಅದೀನಿ ಅನ್ನೂದು ಅಂದಾಜ ಸಿಗೂದಿಲ್ಲ. ಒಂದು ಮಿಣುಕು, ಒಂದು ಸ್ಥಿರ, ಹಿಂಗ ಎರಡು ಹಾಕಿದವ್ರು ಯಾರರ ಅದೀರೇನು? ಮುಂದಿನ ಲೈಟ್ ಮಂಜಿನಾಗ ಬೆಳ್ಳಗ ತಿರುಗಿ ಕಣ್ಣಿಗೇ ಹೊಡೀತೈತಿ. ಎಷ್ಟು ಬಗ್ಗಿಸಿ ಇಡ್ತೀರಿ?

ಲಾರಿಗೆ ಹಚ್ಚೋ ಕೆಂಪು ರಿಫ್ಲೆಕ್ಟರ್ ಟೇಪು ಹುಬ್ಬಳ್ಳಿ ದುರ್ಗದಬೈಲ್ ಪ್ಯಾಟಿ ಕಡೆ ಮೀಟರ್ ಲೆಕ್ಕದಾಗ ಸಿಗ್ತೈತೇನು? ಪೂರಾ ರೋಲ್ ನನಗ ಬ್ಯಾಡ.