ಓಟಿಪಿ ಇದ್ದರೆ ಸಾಲದೇ? ಸಿಂಗಲ್ ಸೈನ್‌ಆನ್ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ನಮಸ್ಕಾರ ಸರ್. ನಾನೊಂದು ಕಾಲೇಜಿನ ಸಿಸ್ಟಂ ಅಡ್ಮಿನ್. ಇಮೇಲ್, ಗ್ರಂಥಾಲಯ, ಮಾರ್ಕ್ಸ್ ಪೋರ್ಟಲ್ ಎಲ್ಲಕ್ಕೂ ಸ್ಯಾಮ್ಲ್ (ಒಂದು ಕಡೆಯ ಲಾಗಿನ್ ಅನ್ನು ಬೇರೆ ತಾಣಗಳಿಗೆ ತಿಳಿಸುವ ಪದ್ಧತಿ) ಮೂಲಕ ಒಂದೇ ಲಾಗಿನ್, ಅಂದರೆ ಸಿಂಗಲ್ ಸೈನ್‌ಆನ್, ಜೊತೆಗೆ ಓಟಿಪಿ. ಮಾರ್ಕ್ಸ್ ಪೋರ್ಟಲ್‌ನ ಸ್ಯಾಮ್ಲ್ ಲೈಬ್ರರಿ (ಆ ಕೆಲಸ ಮಾಡುವ ಸಿದ್ಧ ಕೋಡ್) ಹಳೆಯದು. ಪರೀಕ್ಷೆ ಮುಗಿಯುವವರೆಗೆ ಹಾಗೇ ಬಿಡಬಹುದೇ?

ಉತ್ತರ: ಬಿಡಬೇಡಿ ಮೇಡಂ. ಓಟಿಪಿ ಕಾಯುವುದು ಲಾಗಿನ್ ಸರ್ವರ್‌ನ ಬಾಗಿಲನ್ನು. ಹಳೆಯ ಸ್ಯಾಮ್ಲ್ ಲೈಬ್ರರಿಗಳ ದೋಷಗಳಿರುವುದು 'ಇವರು ಇಂಥವರು' ಎಂದು ಆ ಸರ್ವರ್ ಕೊಟ್ಟ ಚೀಟಿಯನ್ನು ಪೋರ್ಟಲ್ ಓದುವ ಕಡೆ.

2018ರ ಫೆಬ್ರವರಿಯಲ್ಲಿ ಡ್ಯುಯೊ ಸೆಕ್ಯುರಿಟಿ ಎಂಬ ಸೈಬರ್ ಭದ್ರತಾ ಕಂಪನಿ ಬಯಲಿಗೆ ತಂದ ದೋಷವನ್ನೇ ನೋಡಿ. ಒನ್‌ಲಾಗಿನ್ ಕಂಪನಿಯ ಪೈಥಾನ್, ರೂಬಿ ಭಾಷೆಗಳ ಲೈಬ್ರರಿಗಳೂ ಸೇರಿ ಹಲವದರಲ್ಲಿ ಅದಿತ್ತು. ಸರ್ವರ್ ಡಿಜಿಟಲ್ ಸಹಿ ಹಾಕಿದ, ಎಕ್ಸ್‌ಎಂಎಲ್ ಎಂಬ ಪಠ್ಯರೂಪದಲ್ಲಿರುವ ಚೀಟಿ ಬಳಕೆದಾರರ ಬ್ರೌಸರ್ ಮೂಲಕವೇ ಪೋರ್ಟಲ್‌ಗೆ ಹೋಗುತ್ತದೆ. ದಾರಿಯಲ್ಲಿ ತಿದ್ದಿದರೆ ಸಹಿ ತಾಳೆಯಾಗಬಾರದು. ಆದರೆ ಸಹಿ ಪರೀಕ್ಷಿಸುವ ಮುನ್ನ ಎಕ್ಸ್‌ಎಂಎಲ್ ಕಾಮೆಂಟ್‌ಗಳನ್ನು (ದತ್ತಾಂಶಕ್ಕೆ ಸೇರದ ಟಿಪ್ಪಣಿಗಳನ್ನು) ತೆಗೆದುಹಾಕುವುದು ರೂಢಿ. 'ಅಡ್ಮಿನ್2' ಎಂಬ ಖಾತೆಯವನು ತನ್ನದೇ ಪಾಸ್‌ವರ್ಡ್, ತನ್ನದೇ ಓಟಿಪಿ ಕೊಟ್ಟು ಲಾಗಿನ್ ಆಗುತ್ತಾನೆ. ಚೀಟಿಯಲ್ಲಿ 'ಅಡ್ಮಿನ್'ಗೂ '2'ಕ್ಕೂ ನಡುವೆ ಒಂದು ಕಾಮೆಂಟ್ ತೂರಿಸುತ್ತಾನೆ. ಸಹಿ ತಾಳೆಯಾಗುತ್ತದೆ. ಹೆಸರು ಓದುವ ಕೋಡ್ ಮಾತ್ರ ಕಾಮೆಂಟ್ ಬಂದಲ್ಲಿಗೆ ನಿಂತು, 'ಅಡ್ಮಿನ್' ಬಂದರೆಂದು ಒಳಗೆ ಬಿಡುತ್ತದೆ. ಇದನ್ನು ಮೊದಲು ಓದಿದಾಗ ನನಗೆ ನಿಜಕ್ಕೂ ದಿಗಿಲಾಗಿತ್ತು.

ಪ್ರಶ್ನೆ: ನಮ್ಮದು ರೂಬಿ-ಸ್ಯಾಮ್ಲ್ 1.16. ಇದರಲ್ಲಿ ಆ ದೋಷ ಇರಲಾರದಲ್ಲ?

ಉತ್ತರ: ಅದಿಲ್ಲ, ಅದಕ್ಕಿಂತ ದೊಡ್ಡವಿವೆ. 2024ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಒಂದು ದೋಷದಿಂದ ಕೋಡ್ ಇಡುವ ತಾಣ ಗಿಟ್‌ಲ್ಯಾಬ್ ಕೂಡ ತುರ್ತಾಗಿ ಪ್ಯಾಚ್ ಕೊಡಬೇಕಾಯಿತು. 2025ರ ಮಾರ್ಚ್‌ನಲ್ಲಿ ಇನ್ನೆರಡು: ಸಹಿ ಪರೀಕ್ಷೆಯಲ್ಲಿ ರೆಕ್ಸ್‌ಎಂಎಲ್, ನೊಕೊಗಿರಿ ಎಂಬ ಎರಡು ಪಾರ್ಸರ್‌ಗಳಿದ್ದವು (ಎಕ್ಸ್‌ಎಂಎಲ್ ಓದಿ ಬಿಡಿಸುವ ಕೋಡ್), ಒಂದೇ ಚೀಟಿ ಎರಡಕ್ಕೂ ಬೇರೆ ಬೇರೆಯಾಗಿ ಕಾಣುವಂತೆ ಹೆಣೆಯಬಹುದಿತ್ತು. ಸರ್ವರ್‌ನ ಸರಿಯಾದ ಸಹಿಯಿರುವ ಒಂದು ಚೀಟಿ ಕೈಯಲ್ಲಿದ್ದರೆ ಬೇರೆಯವರ ಹೆಸರಿನಲ್ಲಿ ಒಳಹೋಗಬಹುದು. ನಿಮ್ಮಲ್ಲಿ ಲಾಗಿನ್ ಆಗುವ ಪ್ರತಿ ವಿದ್ಯಾರ್ಥಿಗೂ ಅಂಥ ಚೀಟಿ ಸಿಗುತ್ತದೆ. 1.18.0 ಅಥವಾ ನಂತರದ ಆವೃತ್ತಿ ಹಾಕಿ.

ಪ್ರಶ್ನೆ: ಪರೀಕ್ಷೆಯ ನಡುವೆ ಪೋರ್ಟಲ್ ಕೆಟ್ಟರೆ ಏನು ಮಾಡಲಿ ಸರ್?

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ. ಪೋರ್ಟಲ್‌ನ ಒಂದು ಪ್ರತಿ ಮಾಡಿಕೊಂಡು ಅದರಲ್ಲಿ ಮೊದಲು ಅಪ್‌ಡೇಟ್ ಮಾಡಿ, ಲಾಗಿನ್ ನೋಡಿ. ಅಲ್ಲಿಯವರೆಗೆ ಮಾರ್ಕ್ಸ್ ತಿದ್ದುವ ಪುಟ ಪರೀಕ್ಷಾ ವಿಭಾಗದ ಕಂಪ್ಯೂಟರ್‌ಗಳಿಗೆ ಮಾತ್ರ ತೆರೆಯಲಿ. ಇವತ್ತೇ ಇನ್ನೊಂದು ಕೆಲಸ ಮಾಡಿ: ಪೋರ್ಟಲ್‌ನ ಲಾಗ್ (ಯಾರು ಯಾವಾಗ ಬಂದರೆಂಬ ದಾಖಲೆ) ಮತ್ತು ಲಾಗಿನ್ ಸರ್ವರ್‌ನ ಲಾಗ್ ಅಕ್ಕಪಕ್ಕ ಇಟ್ಟು ತಾಳೆ ನೋಡಿ. ಅಧ್ಯಾಪಕರೊಬ್ಬರು ಪೋರ್ಟಲ್‌ಗೆ ಬಂದ ದಾಖಲೆಯಿದ್ದು, ಆ ಹೊತ್ತಿಗೆ ಸರ್ವರ್ ಅವರಿಗೆ ಚೀಟಿಯನ್ನೇ ಕೊಟ್ಟಿಲ್ಲವೆಂದರೆ, ಆ ಅಧ್ಯಾಪಕರಿಗೆ ತಕ್ಷಣ ಫೋನ್ ಮಾಡಿ.